ರಾಚವ್ವನ ಫೋನು ಯಾರೂ ಎತ್ತಲಿಲ್ಲ

ಬಾಗಿಲು ಮುಂದೆ ಮಾಡಿ ಕೂತುಕೊಳ್ಳಿ... ಎದುರು ಮನೆಯ ರುಕ್ಮಿಣಿಬಾಯಿಗೆ ಕೇಳಿಸಬಾರದು. ಆಂಟಾಪ್ ಹಿಲ್‌ನ ಈ ಹಳೇ ಕಾಲೊನಿಯಲ್ಲಿ ಗೋಡೆಗಳು ಹೆಸರಿಗೆ ಮಾತ್ರ, ಇಲ್ಲಿ ಕೆಮ್ಮಿದರೆ ಅಲ್ಲಿ ನೀರು ಕುಡಿಯುತ್ತಾರೆ.

ಇದು ಅವರ ಮಗಳು ದಾನೇಶ್ವರಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಇದೇ ಮಂಚದ ಮೇಲೆ ಕೂತು ಆಕೆಯೇ ಹೇಳಿದಳು. ಕೇಳಿದವರೆಲ್ಲ ಹೆದರಿ ಬಾಯಿಗೆ ಸೆರಗು ಇಟ್ಟುಕೊಳ್ಳುತ್ತಾರೆ. ನನಗೆ ಮಾತ್ರ ಪ್ರತಿಸಲವೂ ಮೈ ಉರಿಯುತ್ತದೆ. ದೆವ್ವದ ಮೇಲಿನ ಸಿಟ್ಟಲ್ಲ ಅದು.

ಅವತ್ತು ಶನಿವಾರ. ಅಂಧೇರಿಯ ಆಫೀಸಿನಲ್ಲಿ ತಿಂಗಳ ಕೊನೆಯ ಕೆಲಸ ಮುಗಿಸಿ, ಹಾರ್ಬರ್ ಲೈನಿನ ಲೋಕಲ್ ಹಿಡಿದು ದಾನೇಶ್ವರಿ ವಡಾಲಾದಲ್ಲಿ ಇಳಿದಾಗ ಬಹಳ ತಡವಾಗಿತ್ತು. ಬಸ್ಸು ಹೋಗಿತ್ತು. ಆಂಟಾಪ್ ಹಿಲ್ ಎಂದ ಕೂಡಲೇ ಟ್ಯಾಕ್ಸಿಯವನು ಮುಖ ತಿರುಗಿಸಿದ. ಅವನಿಗೆ ನಾಲ್ಕು ಮಾತು ಬೈದು ಆಕೆ ನಡೆದೇ ಹೊರಟಳು. ಕಾಲೊನಿಯ ಹಿಂದಿನ ಗಲ್ಲಿಯಲ್ಲಿ ಒಂದು ಹಳೇ ಬಾವಿ ಇದೆ. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ, ಪಕ್ಕದಲ್ಲೇ ಆಲದ ಮರ. ಅದರಾಚೆ ಯಾದಗಿರಿ ಕಡೆಯ ಗಾರೆ ಕೆಲಸದವರ ಜೋಪಡಿಗಳು. ದಾರಿ ಹತ್ತಿರ ಅಂತ ಆಕೆ ಅಲ್ಲಿಂದಲೇ ಬಂದಳು.

ಮೊದಲು ಕೇಳಿಸಿದ್ದು ಸದ್ದು.

ಪಟ್... ಪಟ್... ಪಟ್...

ಅಂಗೈಯಿಂದ ರೊಟ್ಟಿ ಬಡಿಯುವ ಸದ್ದು. ನಮ್ಮ ಕಡೆಯವರಿಗೆ ಅದು ನಿದ್ದೆಯಲ್ಲೂ ಗುರುತು ಸಿಗುತ್ತದೆ. ಬೀದಿದೀಪ ಕೆಟ್ಟಿತ್ತು. ಫೋನಿನ ಬೆಳಕು ಹಿಡಿದು ನೋಡಿದಳು. ಬಾವಿಯ ಕಟ್ಟೆಯ ಮೇಲೆ ರಾಚವ್ವ ಕೂತಿದ್ದಳು.

ರಾಚವ್ವ ಅಂದರೆ ಗಾರೆ ಕೆಲಸದ ಮರೆಪ್ಪನ ಹೆಂಡತಿ. ಸಂಜೆ ಹೊತ್ತು ಅದೇ ಕಟ್ಟೆಯ ಮೇಲೆ ಒಲೆ ಇಟ್ಟು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದವಳು. ದಾನೇಶ್ವರಿ ಬರುವಾಗ ದಿನವೂ ಅಲ್ಲಿಯೇ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದಳು. ಪಿತ್ತಕೋಶದಲ್ಲಿ ಕಲ್ಲಾಗಿ ರಾಚವ್ವ ಒದ್ದಾಡುವಾಗ, ಬೊರಿವಲಿ ಕಡೆಯ ದೊಡ್ಡ ಆಸ್ಪತ್ರೆಯ ಡಾಕ್ಟರ ಹೆಸರು ಹೇಳಿದವಳೂ ಇವಳೇ. "ನಮ್ಮ ಕಂಪ್ಯೂಟರ್‌ದಾಗ ಆತಂದೇ ಒಂದನೇ ನಂಬರ್ ಅದ, ಅತ್ತಿ" ಎಂದಿದ್ದಳು. ಆಪರೇಷನ್ನಿಗೆ ಹೋದ ರಾಚವ್ವ ಆಮೇಲೆ ಕಟ್ಟೆಗೆ ಬಂದಿರಲಿಲ್ಲ. ಸುಧಾರಿಸಿಕೊಳ್ಳಲು ಊರಿಗೆ ಹೋಗಿರಬೇಕು ಅಂತ ದಾನೇಶ್ವರಿ ತನ್ನಷ್ಟಕ್ಕೆ ತಾನೇ ಅಂದುಕೊಂಡಿದ್ದಳು. ಒಂದು ಸಲ ವಿಚಾರಿಸಲೂ ಇಲ್ಲ.

"ಅತ್ತೀ... ಯಾವಾಗ ಬಂದಿ? ಆರಾಮ್ ಆಯ್ತಾ?"

ಪಟ್... ಪಟ್... ಕೈ ನಿಲ್ಲಲಿಲ್ಲ.

"ಆರಾಮ್ ಅಂತ ನೀನೇ ಬರದೀದಿ." ದನಿ ಪಿಸುಮಾತಿನಷ್ಟು ಸಣ್ಣದು. ಹಲ್ಲು ಕಚ್ಚಿ ಆಡಿದ ಮಾತು.

"ನಾ ಏನ್ ಬರದೀನಿ, ಅತ್ತಿ?"

"ಇವತ್ತ ಸಂಜಿಕ. ಬರದು, ಮುಂದಿಂದಕ್ಕ ಹೋದಿ."

ದಾನೇಶ್ವರಿ ಬೆಳಕನ್ನು ಸ್ವಲ್ಪ ಕೆಳಗೆ ಮಾಡಿದಳು... ಒಲೆ ಇರಲಿಲ್ಲ. ಹಿಟ್ಟಿನ ಪರಾತವೂ ಇರಲಿಲ್ಲ. ರಾಚವ್ವನ ಬಲಗೈ ಬರೀ ಕಲ್ಲನ್ನು ಬಡಿಯುತ್ತಿತ್ತು. ಎಡಗೈ ಸೆರಗಿನ ಮೇಲಿಂದ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು.

ಆಗ ಜಾಳಿಗೆಯ ಕೆಳಗೆ, ಬಾವಿಯ ಆಳದಲ್ಲಿ, ಇನ್ನೊಂದು ಸದ್ದು ಎದ್ದಿತು. ಗ್ರ್‌ರ್... ಗ್ರ್‌ರ್... ಸ್ಟೀಲಿನ ತಟ್ಟೆಯ ಮೇಲೆ ಫೋನು ಇಟ್ಟಾಗ ಅದು ನಡುಗುತ್ತದಲ್ಲ, ಆ ಸದ್ದು.

"ಯಾರ ಫೋನು..."

"ನಂದು. ನಿಮ್ಮ ಆಫೀಸಿನೋರು ಮಾಡ್ಲಕತ್ತಾರ. ಎತ್ತಲಿಕ್ಕ ನಾ ಎಲ್ಲಿದ್ದೀನಿ?" ಕೈ ನಿಂತಿತು. "ನಿಮ್ಮವ್ವನ್ನ ಅಲ್ಲಿ ಕಳಸ್ಬ್ಯಾಡ."

ದಾನೇಶ್ವರಿಗೆ ಆಮೇಲೆ ಏನಾಯಿತೋ ನೆನಪಿಲ್ಲ. ಮೂರನೇ ಮಾಳಿಗೆಯ ತನ್ನ ಮನೆಯ ಕದ ಬಡಿಯುವಾಗ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಆ ಬಡಿತಕ್ಕೆ ನಾನೂ ಎದ್ದು ಕೂತಿದ್ದೆ.

ಈಗ ಆಕೆಯ ಕೆಲಸ ಏನು ಅಂತ ಹೇಳಬೇಕು. ನೂರಾರು ಆಸ್ಪತ್ರೆಗಳಲ್ಲಿ ಆಪರೇಷನ್ ಆದ ಲಕ್ಷಾಂತರ ಜನರ ವಿವರ ಅವರ ಆಫೀಸಿನ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಯಾವ ಆಪರೇಷನ್, ಯಾವ ಡಾಕ್ಟರ್, ರೋಗಿಗೆ ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇತ್ತೋ ಇಲ್ಲವೋ, ಎಲ್ಲವೂ. ಹೆಸರು ಮಾತ್ರ ಇರುವುದಿಲ್ಲ. ರೋಗಿಯ ಗುಟ್ಟು ಕಾಪಾಡಬೇಕಂತೆ, ಅದಕ್ಕೆ ಮನುಷ್ಯರ ಬದಲು ಒಂದು ನಂಬರು. ಆಪರೇಷನ್ ಆಗಿ ತಿಂಗಳಿಗೆ ಆ ಮನೆಗೆ ಫೋನು ಮಾಡಿ, ಗಾಯ ಮಾಯಿತೇ, ಜ್ವರ ಬಂತೇ, ಮತ್ತೆ ಆಸ್ಪತ್ರೆ ಸೇರಿದರೇ, ಬದುಕಿದ್ದಾರೆಯೇ ಅಂತ ಕೇಳಿ ಕಂಪ್ಯೂಟರಿನ ಖಾನೆಯಲ್ಲಿ ತುಂಬುವುದು ದಾನೇಶ್ವರಿಯಂಥವರ ಕೆಲಸ. ಅದನ್ನೆಲ್ಲ ಕೂಡಿಸಿ ಕಳೆದು ಯಾವ ಡಾಕ್ಟರ ಕೈಯಲ್ಲಿ ರೋಗಿಗಳು ಎಷ್ಟು ಚೆನ್ನಾಗಿ ಎದ್ದು ಬಂದರು ಅಂತ ಪಟ್ಟಿ ಮಾಡುತ್ತಾರೆ.

ಕೆಲಸ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ನೆಟ್ಟಗೆ ಮಾಡಿದರೆ ಎಷ್ಟೋ ಜೀವ ಉಳಿಯುತ್ತದೆ. ಆದರೆ ಆ ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಅದಕ್ಕೆ ಮೇಲಿನವರು, ತಣ್ಣಗಿನ ರೂಮಿನಲ್ಲಿ ಕೂತು, ಒಂದು ನಿಯಮ ಮಾಡಿದ್ದರು. ಮೂರು ಸಲ ಫೋನು ಮಾಡಿ. ಯಾರೂ ಎತ್ತದಿದ್ದರೆ ‘ತೊಂದರೆ ಇಲ್ಲ’ ಅಂತ ಒತ್ತಿ. ತೊಂದರೆ ಆದವರು ಸುಮ್ಮನಿರುತ್ತಾರೆಯೇ, ಫೋನು ಎತ್ತಿ ಬೈದೇ ಬೈಯುತ್ತಾರೆ ಅಂತ ಅವರ ಲೆಕ್ಕ. ಶನಿವಾರ ಸಂಜೆ ದಾನೇಶ್ವರಿ ಅಂಥ ಎಷ್ಟೋ ನಂಬರುಗಳಿಗೆ ಹಾಗೆ ಒತ್ತಿ ಬಂದಿದ್ದಳು.

ಆ ರಾತ್ರಿ ಆಕೆ ತಾಯಿಯ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದಳು. ಯಾಕೆಂದರೆ ರುಕ್ಮಿಣಿಬಾಯಿಗೂ ಅದೇ ಕಲ್ಲು, ಅದೇ ನೋವು. ಮಂಗಳವಾರಕ್ಕೆ ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ ಹತ್ತಿರ ಆಪರೇಷನ್ ಗೊತ್ತಾಗಿತ್ತು.

ಭಾನುವಾರ ಬೆಳಕು ಹರಿದ ಕೂಡಲೇ ದಾನೇಶ್ವರಿ ಮರೆಪ್ಪನ ಜೋಪಡಿಗೆ ಹೋದಳು. ಬಾಗಿಲಿನಲ್ಲೇ ಕಾಲು ನಿಂತಿತು... ಎದುರಿಗೆ ರಾಚವ್ವನ ಫೋಟೊ. ಫೋಟೊಗೆ ಹಾರ. ಮುಂದೆ ಒಂದು ಸ್ಟೀಲಿನ ತಟ್ಟೆ. ಅದರಲ್ಲಿ ಆಕೆಯ ಎಲೆ ಅಡಿಕೆಯ ಚೀಲ, ಕನ್ನಡಕ, ಮತ್ತೆ ಚಾರ್ಜಿಗೆ ಹಾಕಿದ ಹಳೇ ಫೋನು.

ದಾನೇಶ್ವರಿ ಫೋನಿನ ಕಡೆ ಕೈ ಚಾಚಿದಳು.

"ಮುಟ್ಟಬ್ಯಾಡ." ಮೂಲೆಯಲ್ಲಿ ಕೂತಿದ್ದ ಮರೆಪ್ಪ ಗಡಸಾಗಿ ಹೇಳಿದ. "ನಮ್ಮಲ್ಲಿ ಹೋದೋರ ಫೋನು ಎತ್ತಂಗಿಲ್ಲ. ತಿಂಗಳ ಪೂಜಿ ಮುಗಿಯೋತನಕ ಚಾರ್ಜ್ ಮಾಡಿ ಫೋಟೊದ ಮುಂದ ಇಡ್ತೀವಿ. ಬಾರಸ್ತಿರ್ಬೇಕು. ಯಾರೋ ನೆನಸಲಕತ್ತಾರ ಅಂತ ಆಕಿಗಿ ಗೊತ್ತಾಗ್ಬೇಕು. ನಡುವ ನಾವು ಎತ್ತಿದ್ರ ಆಕಿ ಹೊಳ್ಳಿ ನೋಡ್ತಾಳ."

ಮುಟ್ಟದೆ, ಬಗ್ಗಿ ನೋಡಿದಳು. ಎತ್ತದೇ ಬಿಟ್ಟ ಕರೆಗಳು ಪರದೆಯ ಮೇಲಿದ್ದವು. ಮೂರೂ ಒಂದೇ ನಂಬರಿನವು. ದಿನಾ ಬೆಳಗಾದರೆ ಆಕೆ ಕೂತು ಕರೆ ಮಾಡುವ ಆಫೀಸಿನ ನಂಬರು. ಕೊನೆಯದು ಶನಿವಾರ ಸಂಜೆಯದು.

"ಏನಾಯ್ತು, ಮಾಮಾ?"

ಮರೆಪ್ಪ ಗೋಡೆ ನೋಡುತ್ತಲೇ ಹೇಳಿದ. "ಆಪರೇಷನ್ ಆಗಿ ಎರಡು ದಿನಕ್ಕ ಹೊಟ್ಟಿ ಉಬ್ತು. ನೀರು, ನೀರು ಅಂದಳು. ಡಾಕ್ಟರ್ ಬರಲೇ ಇಲ್ಲ. ಕಡೀಕ ಬಂದು ಏನಂದ ಗೊತ್ತಾ? ನಿಮ್ಮ ಮಂದಿ ತಮ್ಮ ಮನ್ಯಾಗೇ ಜೀವ ಬಿಡ್ಬೇಕು ಅಂತೀರಲ್ಲ, ಕರ್ಕೊಂಡು ಹೋಗ್ರಿ, ಪುಣ್ಯ ಬರ್ತದ ಅಂದ. ನಾನೂ ಹೌದಲ್ಲ ಅಂತ ಗಾಡಿ ಮಾಡ್ದೆ. ಬಾಂದ್ರಾ ದಾಟಲಿಲ್ಲ, ಮಗಳೇ. ಗಾಡ್ಯಾಗೇ ಹೋದಳು. ಅವರು ಕೊಟ್ಟ ಕಾಗದದಾಗ ಸುಧಾರಿಸಿ ಮನೀಗಿ ಹೋದ್ರು ಅಂತ ಬರದಾರಂತ. ಓದಿದೋರು ಹೇಳಿದ್ರು."

ಎದ್ದು ತಟ್ಟೆಯಲ್ಲಿನ ಕನ್ನಡಕ ನೆಟ್ಟಗೆ ಮಾಡಿದ. ಆಮೇಲೆ, "ನೀ ಹೇಳಿದಿ ಅಂತ ಹೋದ್ವಿ" ಎಂದ.

ಅಷ್ಟೇ. ಬೈಯಲಿಲ್ಲ. ಎರಡು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಅಂತ ದಾನೇಶ್ವರಿ ಇದೇ ಮಂಚದ ಮೇಲೆ ಕೂತು ಅತ್ತಳು.

ಅರ್ಥವಾಯಿತಲ್ಲ? ಸಾಯುವವರನ್ನು ಆಸ್ಪತ್ರೆ ಮನೆಗೆ ಅಟ್ಟುತ್ತದೆ, ಸಾವು ಆಸ್ಪತ್ರೆಯ ಲೆಕ್ಕಕ್ಕೆ ಬರುವುದಿಲ್ಲ. ತಿಂಗಳ ಮೇಲೆ ಆಫೀಸಿನವರು ಫೋನು ಮಾಡುತ್ತಾರೆ, ಅದು ಹಾರ ಹಾಕಿದ ಫೋಟೊದ ಮುಂದೆ ತಟ್ಟೆಯಲ್ಲಿ ನಡುಗುತ್ತದೆ. ಯಾರೂ ಎತ್ತುವುದಿಲ್ಲ. ತೊಂದರೆ ಇಲ್ಲ! ಹೀಗೆ ಆ ಡಾಕ್ಟರ ಕೈಯಲ್ಲಿ ಸತ್ತವರೆಲ್ಲ ಸೇರಿ ಆತನನ್ನು ಒಂದನೇ ನಂಬರಿಗೆ ಹೊತ್ತು ಕೂರಿಸಿದ್ದರು. ಆ ನಂಬರು ನೋಡಿ ಇನ್ನಷ್ಟು ಜನ ಅಲ್ಲಿಗೇ ಹೋಗುತ್ತಿದ್ದರು.

ದಾನೇಶ್ವರಿ ಮನೆಗೆ ಬಂದು, "ಅವ್ವಾ, ಮಂಗಳವಾರ ಹೋಗೋದು ಬ್ಯಾಡ" ಎಂದಳು. ಬಾವಿಯ ಹತ್ತಿರ ಕಂಡದ್ದನ್ನೂ, ಮರೆಪ್ಪ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದಳು. ರುಕ್ಮಿಣಿಬಾಯಿ ನೋವಿನಿಂದ ಹಣ್ಣಾಗಿದ್ದರು. ಹೊಟ್ಟೆ ಹಿಡಿದುಕೊಂಡೇ ಸಿಡುಕಿದರು.

"ಕತ್ಲ್ಯಾಗ ಹೆದರಿ ಏನೋ ಕಂಡೀದಿ. ರಾಚವ್ವ ಹೋದದ್ದು ಸಂಕಟ ಖರೆ. ಆದ್ರ ಆಕಿ ಒಬ್ಬಾಕಿ. ಒಬ್ಬರ ಮಾತು ಕೇಳ್ಬಾರ್ದು, ಸಾವಿರ ಮಂದಿದು ನೋಡ್ಬೇಕು ಅಂತ ಬಿಲ್ಡಿಂಗ್ ತುಂಬ ಹೇಳಿಕೋತ ತಿರಗ್ದಾಕಿ ಯಾರು? ನೀನೇ ಅಲ್ಲೇನು?"

"ಆ ಸಾವಿರದ ಲೆಕ್ಕಾನೇ ಸುಳ್ಳದವ್ವಾ."

"ಹಂಗಾದ್ರ ಕಂಪ್ಯೂಟರ್ ಹೇಳ್ಲಿ. ಅದು ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನಿ. ದೆವ್ವದ ಮಾತಿಗಿ ಈ ನೋವು ಇಟ್ಕೊಂಡು ಕೂಡ್ಲಾ?"

ಮಗಳ ಆಫೀಸೆಂದರೆ ಆ ತಾಯಿಗೆ ಅಷ್ಟು ಹೆಮ್ಮೆ. ಅವತ್ತು ಇಬ್ಬರೂ ಊಟ ಬಿಟ್ಟರು. ಪಾತ್ರೆ ಎಸೆದ ಸದ್ದು ನಮ್ಮ ಮನೆಗೂ ಕೇಳಿಸಿತು.

ಸೋಮವಾರ ಆಫೀಸಿನ ಬಾಗಿಲು ತೆಗೆಯುತ್ತಲೇ ದಾನೇಶ್ವರಿ ಪ್ರಶಾಂತನ ಮೇಜಿನ ಮುಂದೆ ನಿಂತಳು. ಪ್ರಶಾಂತ ಅಲ್ಲಿನ ಮುಖ್ಯಸ್ಥ, ಉಡುಪಿ ಕಡೆಯವನು. ಕೆಟ್ಟವನೇನಲ್ಲ. ಆದರೆ ಮೇಲಿನವರು ಹಾಕಿದ ಗೆರೆ ದಾಟಿ ಅವನಿಗೆ ಅಭ್ಯಾಸವಿಲ್ಲ.

"ಎಂತ ಹೇಳ್ತಿದ್ದೀರಿ ದಾನೇಶ್ವರಿ? ತಿಂಗಳ ಲೆಕ್ಕ ಮುಗಿದಾಯ್ತು. ವರದಿ ಹೊರಗೆ ಬಂದಾಯ್ತು. ಆಸ್ಪತ್ರೆಯವರು ಬೋರ್ಡು ಸಹ ಹಾಕಿದ್ದಾರೆ. ಒಂದು ಕೇಸಿಗೋಸ್ಕರ..."

"ಒಂದಲ್ಲ ಸರ್. ಆ ಡಾಕ್ಟರದು ಫೋನ್ ಎತ್ತದೋರು ಎಷ್ಟು ಮಂದಿ ಅದಾರ ನೋಡ್ರಿ. ಬ್ಯಾರೆ ಯಾರಿಗೂ ಅಷ್ಟಿಲ್ಲ."

"ಎತ್ತದಿದ್ರೆ ತೊಂದರೆ ಇಲ್ಲ ಅಂತ ಹಾಕ್ಬೇಕು. ನಿಯಮ ಉಂಟಲ್ಲ, ನಿಮಗೂ ಗೊತ್ತುಂಟು."

"ಹೆಣ ಫೋನು ಎತ್ತಂಗಿಲ್ಲ ಅನ್ನೋದು ನಿಯಮ ಮಾಡಿದೋರಿಗೆ ಗೊತ್ತಿಲ್ಲೇನ್ರಿ?"

ಇಡೀ ಆಫೀಸು ತಲೆ ಎತ್ತಿ ನೋಡಿತು. ಪ್ರಶಾಂತನ ಮುಖ ಕೆಂಪಾಯಿತು. ದಾನೇಶ್ವರಿ ತನ್ನ ಜಾಗಕ್ಕೆ ಹೋಗಿ, ಶನಿವಾರದ ಕರೆಯ ಹೊತ್ತು ಹಿಡಿದು ರಾಚವ್ವನ ನಂಬರು ಹುಡುಕಿ ತೆಗೆದು, ‘ತೊಂದರೆ ಇಲ್ಲ’ ಅಳಿಸಿ ‘ಮೃತ’ ಎಂದು ಒತ್ತಿದಳು. ಪ್ರಶಾಂತ ಬಂದು ಆಕೆಯ ಕಣ್ಣೆದುರಿಗೇ ಅದನ್ನು ಮೊದಲಿನ ಹಾಗೆ ಮಾಡಿದ. ಆಕೆಯ ಪಾಸ್‌ವರ್ಡು ರದ್ದು ಮಾಡಿದ, ಬಾಗಿಲು ತೆಗೆಯುವ ಕಾರ್ಡು ಇಸಿದುಕೊಂಡ. ಎರಡು ದಿನ ಮನೆಯಲ್ಲಿರಿ, ತಲೆ ತಣ್ಣಗಾಗಲಿ ಎಂದ.

ತಲೆ ತಣ್ಣಗಾಗುವುದೆಲ್ಲಿ ಬಂತು? ಬರುವಾಗ ಆಕೆ ಬೇಕೆಂದೇ ಬಾವಿಯ ದಾರಿ ಹಿಡಿದಳು. ಇನ್ನೂ ಬೆಳಕಿತ್ತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಜಾಳಿಗೆಗೆ ಬಾಯಿ ಹಚ್ಚಿ, ಮೆಲ್ಲಗೆ ಹೇಳಿದಳು.

"ಅತ್ತೀ, ನಾ ತಿದ್ದಿದ್ದೆ. ಅವರು ಅಳಿಸಿಬಿಟ್ರು. ನನ್ನ ಮ್ಯಾಲಿನ ಸಿಟ್ಟು ನಮ್ಮವ್ವನ ಮ್ಯಾಲ ತೀರಿಸ್ಕೋಬ್ಯಾಡ."

ಕೆಳಗೆ ಎಲ್ಲೋ ಒಂದು ಹನಿ ಬಿತ್ತು... ಟಪ್... ಅಷ್ಟೇ.

ಮಂಗಳವಾರ ಬೆಳಿಗ್ಗೆ ರುಕ್ಮಿಣಿಬಾಯಿ ತಾವೇ ಚೀಲ ಕಟ್ಟಿಕೊಂಡು ಹೊರಟರು. ನೀ ಬಂದರೆ ಬಾ, ಇಲ್ಲದಿದ್ದರೆ ಬಿಡು ಎಂದರು. ದಾನೇಶ್ವರಿ ದಾದರಿನಿಂದ ಬೊರಿವಲಿಯವರೆಗೂ ಲೋಕಲ್ಲಿನಲ್ಲಿ ಬೇಡಿಕೊಂಡಳು, ರೇಗಿದಳು, ಅತ್ತಳು. ತಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಿದ್ದರು.

ಆಸ್ಪತ್ರೆಯ ಬಾಗಿಲಲ್ಲೇ ದೊಡ್ಡ ಬೋರ್ಡು. ಡಾಕ್ಟರ ನಗುಮುಖ, ಪಕ್ಕದಲ್ಲಿ ಬಂಗಾರದ ಬಣ್ಣದ ಒಂದು. ಅದನ್ನು ಕಂಡದ್ದೇ ದಾನೇಶ್ವರಿಗೆ ತಡೆಯಲಾಗಲಿಲ್ಲ. ಕೌಂಟರಿನ ಹುಡುಗಿಗೆ ರಾಚವ್ವನ ಹೆಸರು ಹೇಳಿ, ಆಕೆ ಹೇಗಿದ್ದಾಳೆ ನೋಡಿ ಹೇಳು ಎಂದಳು. ಹುಡುಗಿ ಕಂಪ್ಯೂಟರು ನೋಡಿ, ತಲೆಯನ್ನೂ ಎತ್ತದೆ, "ಠೀಕ್ ಹೋಕೆ ಘರ್ ಗಯೀ" ಎಂದಳು.

"ಕೇಳಿದ್ಯಾ ಅವ್ವಾ? ಸತ್ತಾಕಿನ್ನ ಆರಾಮ್ ಅಂತಾರ."

ರುಕ್ಮಿಣಿಬಾಯಿ ಕೇಳಿಸದವರ ಹಾಗೆ ಸಹಿ ಹಾಕಲು ಪೆನ್ನು ತೆಗೆದುಕೊಂಡರು.

ಆಗಲೇ ದಾನೇಶ್ವರಿಯ ಫೋನು ಬಾರಿಸಿತು. ಪ್ರಶಾಂತ. ಆಸ್ಪತ್ರೆಯ ಗದ್ದಲದಲ್ಲಿ ಕೇಳಿಸದೆ ಸ್ಪೀಕರಿಗೆ ಹಾಕಿದಳು.

"ದಾನೇಶ್ವರಿ... ರಾತ್ರಿ ಆಫೀಸಿಗೆ ಬಂದಿದ್ರಾ?"

"ಹ್ಯಾಂಗ ಬರ್ಲಿ ಸರ್? ಕಾರ್ಡ್ ನೀವೇ ಇಸಗೊಂಡೀರಿ."

"ಬೀಗ ಈಗ ನಾನೇ ತೆಗ್ದದ್ದು. ನಿಮ್ಮ ಕಂಪ್ಯೂಟರ್ ಆನ್ ಉಂಟು." ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಆ ಡಾಕ್ಟ್ರದ್ದು ಫೋನು ಎತ್ತದವರು ಉಂಟಲ್ಲ... ಒಬ್ಬರಲ್ಲ, ಎಲ್ಲರೂ... ‘ಮೃತ’ ಅಂತ ಆಗಿದೆ. ರಾತ್ರಿ ಒಂದೊಂದಾಗಿ ತುಂಬಿದ್ದು. ಪಟ್ಟಿಯಲ್ಲಿ ಮೊದಲಿಗಿದ್ದವರು ಈಗ ಕಡೆಗೆ ಹೋಗಿದ್ದಾರೆ, ಮಾರಾಯ್ತಿ."

ರುಕ್ಮಿಣಿಬಾಯಿ ಪೆನ್ನನ್ನು ಕೌಂಟರಿನ ಮೇಲೆ ಇಟ್ಟರು. ಬೋರ್ಡಿನ ಮೇಲಿನ ನಗುಮುಖವನ್ನು ಒಂದು ಸಲ ನೋಡಿದರು. ಆ ನೋಟದಲ್ಲಿ ಏನಿತ್ತೋ, ಕೌಂಟರಿನ ಹುಡುಗಿ ಕುರ್ಚಿ ಹಿಂದೆ ಸರಿಸಿದಳಂತೆ.

"ಚೀಲ ತಗೋ" ಎಂದರು ಮಗಳಿಗೆ.

ಆಪರೇಷನ್ನು ಆಮೇಲೆ ಬೇರೆ ಕಡೆ ಆಯಿತು. ಸರ್ಕಾರಿ ಆಸ್ಪತ್ರೆ, ಸಾಲಿನಲ್ಲಿ ನಿಂತು ಸಾಕಾಯಿತು, ಆದರೆ ಎದ್ದು ಮನೆಗೆ ಬಂದರು. ನಿನ್ನೆ ನಿಮಗೆ ಉಪ್ಪಿನಕಾಯಿ ಕೊಟ್ಟವರು ಅವರೇ ಅಲ್ಲವೇ? ಪ್ರಶಾಂತ ಊರ ತುಂಬ ಜನ ಕಳಿಸಿ, ಫೋನು ಎತ್ತದ ಆ ಮನೆಗಳನ್ನೆಲ್ಲ ಹುಡುಕಿಸಿದ. ಮನೆಮನೆಯಲ್ಲೂ ಹಾರ ಹಾಕಿದ ಫೋಟೊ. ರಾತ್ರಿ ತುಂಬಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಮೂರು ಸಲದ ಆ ನಿಯಮ ಹೋಯಿತು. ಬೋರ್ಡೂ ಇಳಿಯಿತು. ಡಾಕ್ಟರಿಗೆ ಏನಾಯಿತು ಅಂತ ಕೇಳಬೇಡಿ, ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಬೇರೆ ಊರಿನಲ್ಲಿ ಬೇರೆ ಬೋರ್ಡು ಹಾಕಿಕೊಂಡು ಕೂತಿದ್ದಾನಂತೆ.

ಇದೆಲ್ಲ ಯಾರೋ ಒಳಗಿನವರೇ ಮಾಡಿದ್ದು ಅಂತ ಹೇಳುವವರೂ ಇದ್ದಾರೆ. ಹೇಳಲಿ. ಆ ಫೋನಿನಲ್ಲಿ ಪ್ರಶಾಂತ ಕೊನೆಗೆ ಹೇಳಿದ ಒಂದು ಮಾತಿದೆ. ತಾಯಿ, ಮಗಳು ಇಬ್ಬರೂ ಕೇಳಿಸಿಕೊಂಡಿದ್ದಾರೆ. ಪ್ರಶಾಂತನೂ ಮರೆಪ್ಪನ ಮನೆ ವಿಚಾರಿಸಲು ಇಲ್ಲಿಗೆ ಬಂದಾಗ, ನಾನು ಎದುರಿಗೆ ಕೂರಿಸಿಕೊಂಡು ಕೇಳಿದರೆ, ಒಂದಕ್ಷರ ಆಚೀಚೆ ಮಾಡದೆ ಅದನ್ನೇ ಹೇಳಿದ.

"ದಾನೇಶ್ವರಿ, ನಿಮ್ಮ ಕೀಬೋರ್ಡಿನ ಸಂದಿಯಲ್ಲೆಲ್ಲ ಎಂತದೋ ಹಿಟ್ಟು ಮೆತ್ತಿದೆ... ಕಲಸಿದ ಹಿಟ್ಟು. ಅಕ್ಕಿದಲ್ಲ, ಗೋಧಿದಲ್ಲ. ರಾತ್ರಿಯಿಡೀ ಏಸಿ ಓಡಿದ ರೂಮಿದು..." ಮತ್ತೊಮ್ಮೆ ಬೆರಳು ಇಟ್ಟು ನೋಡಿದನಂತೆ. "ಮುಟ್ಟಿದ್ರೆ ಇನ್ನೂ ಬಿಸಿ ಉಂಟು."

ನಡೆದದ್ದನ್ನು ನಡೆದ ಹಾಗೆ ಹೇಳಿದ್ದೇನೆ. ಸುಳ್ಳು ಕಟ್ಟಲಿಕ್ಕಾದರೂ ತಿಳಿದಿರಬೇಕಲ್ಲ... ಜೋಳದ ಹಿಟ್ಟನ್ನು ಕುದಿಯುವ ನೀರು ಹಾಕಿ ನಾದುತ್ತಾರೆ ಅನ್ನುವುದು ಆ ಉಡುಪಿಯವನಿಗೆ ಇವತ್ತಿಗೂ ಗೊತ್ತಿಲ್ಲ.